ಸೀದ ಹಾಲು, ಕಳ್ಳಿಹಣ್ಣು

ಹಾಲು ತಳ ಹಿಡಿದರೆ ಬೇರೆ ಊರುಗಳ ಹೆಂಗಸರು ತಲೆ ಚಚ್ಚಿಕೊಳ್ಳುತ್ತಾರೆ. ವಹಾಕಾದಲ್ಲಿ, ಸೋಲೆದಾದ್ ಮಾತೆಯ ಇಗರ್ಜಿಯ ಪಕ್ಕದ ಚೌಕದಲ್ಲಿ ಮಾತ್ರ ತಳ ಹಿಡಿಯದಿದ್ದರೆ ತಲೆ ಚಚ್ಚಿಕೊಳ್ಳಬೇಕು. ಅಲ್ಲಿ ಐಸು ಮಾಡುವ ಹೆಂಗಸರು ಹಾಲನ್ನು ಬೇಕೆಂದೇ ಸೀಯಿಸುತ್ತಾರೆ. ಗಾಜಿನ ಲೋಟದ ಅರ್ಧಕ್ಕೆ ಆ ಸೀದ ಹಾಲಿನ ಐಸು, ಅದರ ಮೇಲೆ ರಕ್ತಗೆಂಪಾದ ಪಾಪಾಸುಕಳ್ಳಿ ಹಣ್ಣಿನ ಐಸು. ಒಂದು ಹೊಗೆಯ ರುಚಿ, ಇನ್ನೊಂದು ಹುಳಿಸಿಹಿ. ಎರಡನ್ನೂ ಒಂದೇ ಚಮಚದಲ್ಲಿ ತೆಗೆದು ಬಾಯಿಗಿಟ್ಟವರು ಆಮೇಲೆ ಬೇರೆ ಐಸಿನ ಸುದ್ದಿ ಎತ್ತುವುದಿಲ್ಲ. ಎತ್ತುವವರು ಇದ್ದರೆ ಅವರು ಬೇರೆ ಊರಿನವರು.

ಇದು ಹುಟ್ಟಿದ್ದು ಜಗಳದಿಂದ. ಹಾಗಂತ ಹೇಳುತ್ತಿದ್ದವಳು ಮುದುಕಿ ಪೆತ್ರೊನೀಲಾ. ಅವಳ ಅಜ್ಜಿಯ ಕಾಲದಲ್ಲಿ ಐಸಿನ ಕಾರ್ಖಾನೆ ಎಲ್ಲಿತ್ತು? ಬೆಟ್ಟದ ಮೇಲೆ ಬಿದ್ದ ಆಲಿಕಲ್ಲನ್ನು ಹುಲ್ಲಿನಲ್ಲಿ ಸುತ್ತಿ ಹೇಸರಗತ್ತೆಯ ಬೆನ್ನ ಮೇಲೆ ತರುತ್ತಿದ್ದರು. ಒಂದು ದಿನ ಆಲಿಕಲ್ಲು ಬಂದಿದೆ, ಹಾಲು ಒಲೆಯ ಮೇಲಿದೆ, ಅಜ್ಜಿ ಪಕ್ಕದ ಮನೆಯವಳ ಜೊತೆ ಬೇಲಿಯ ವಿಷಯಕ್ಕೆ ಜಗಳಕ್ಕೆ ನಿಂತಿದ್ದಾಳೆ. ಜಗಳ ಮುಗಿಸಿ ಬರುವಷ್ಟರಲ್ಲಿ ಹಾಲು ಸೀದಿತ್ತು. ಹಾಲು ಚೆಲ್ಲಿದರೆ ಆಲಿಕಲ್ಲು ಸುಮ್ಮನೆ ಕರಗಿ ಹೋಗುತ್ತದೆ. ಅಜ್ಜಿ ಹಲ್ಲು ಕಚ್ಚಿಕೊಂಡು ಅದನ್ನೇ ಸೋಸಿ, ಸಕ್ಕರೆ ಸುರಿದು, ಮೇಲೆ ಕಳ್ಳಿಹಣ್ಣು ಮುಚ್ಚಿ ಮಾರಿದಳು. ಮರುದಿನ ಜನ ಅದನ್ನೇ ಕೇಳಿಕೊಂಡು ಬಂದರು. ಈ ಕಥೆ ನಿಜವೋ ಸುಳ್ಳೋ ನಾನು ಹೇಳಲಾರೆ, ಆದರೆ ಆ ಚೌಕದ ಹೆಂಗಸರ ಬಾಯಿ ನೋಡಿದವರು ನಂಬದೆ ಇರುವುದು ಕಷ್ಟ.

ಪೆತ್ರೊನೀಲಾಳ ಸೊಸೆ ನಿಕಾನೋರಾ. ಹದಿನೇಳಕ್ಕೆ ಮದುವೆಯಾಗಿ ಅಂಗಡಿಗೆ ಬಂದವಳು, ಈಗ ಐವತ್ತೆರಡು. ಗಂಡ ತೀರಿಕೊಂಡು ಎಷ್ಟೋ ಕಾಲವಾಯಿತು. ಮೂವತ್ತೈದು ವರ್ಷ ಅವಳ ಕೈ ಐಸು ಮತ್ತು ಕಲ್ಲುಪ್ಪಿನ ನಡುವೆಯೇ ಇತ್ತು. ಮರದ ಪೀಪಾಯಿಯೊಳಗೆ ತವರದ ಎತ್ತರದ ಡಬ್ಬ, ಸುತ್ತಲೂ ಒಡೆದ ಐಸು, ಅದರ ಮೇಲೆ ಉಪ್ಪು. ಡಬ್ಬದ ಹಿಡಿಕೆ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸುತ್ತಲೇ ಇರಬೇಕು, ನಡುನಡುವೆ ಮರದ ಸೌಟಿನಿಂದ ಗೋಡೆಗೆ ಕಟ್ಟಿದ ಹಿಮವನ್ನು ಕೆರೆಯಬೇಕು. ಬೆರಳುಗಳ ಗೆಣ್ಣು ಬಿರಿದು ಅದರೊಳಗೆ ಉಪ್ಪುನೀರು ಇಳಿಯುತ್ತಿತ್ತು. ಇಷ್ಟನ್ನೂ ಯಾರು ಬೇಕಾದರೂ ಕಲಿಯಬಹುದು. ಕಲಿಯಲಾಗದ್ದು ಹಾಲು. ದೊಡ್ಡ ತಪ್ಪಲೆಯನ್ನು ಇದ್ದಿಲ ಒಲೆಯ ಮೇಲಿಟ್ಟ ಮೇಲೆ ಕದಡುವಂತಿಲ್ಲ. ಕದಡಿದರೆ ತಳದ ಕರಿ ಒಡೆದು ಹಾಲೆಲ್ಲ ಚುಕ್ಕೆ ಚುಕ್ಕೆಯಾಗುತ್ತದೆ. ಗಡಿಯಾರ ನೋಡಿ ಪ್ರಯೋಜನವಿಲ್ಲ, ಒಂದೊಂದು ದಿನದ ಇದ್ದಿಲು ಒಂದೊಂದು ತರಹ. ಕಣ್ಣಿಗೆ ಮೇಲಿನ ಕೆನೆ ಬಿಟ್ಟು ಏನೂ ಕಾಣುವುದಿಲ್ಲ. ಮೂಗೊಂದೇ ಹೇಳಬೇಕು. ಸ್ವಲ್ಪ ಮುಂಚೆ ಇಳಿಸಿದರೆ ಅದು ಆಸ್ಪತ್ರೆಯಲ್ಲಿ ಕೊಡುವ ಹಾಲು, ಸ್ವಲ್ಪ ತಡವಾದರೆ ಬೂದಿ ನೆಕ್ಕಿದ ಹಾಗೆ ಕಹಿ. ನಾಲಿಗೆಗೆ ಕಹಿ ತಿಳಿಯುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಆ ಚೌಕದಲ್ಲಿ ಬರೆಯದ ಒಂದು ಕಟ್ಟಳೆ ಇತ್ತು. ಹಾಲಿನ ಮುಂದೆ ನಿಂತವಳು ಇನ್ನೊಬ್ಬಳನ್ನು ಕರೆದು 'ವಾಸನೆ ಬಂತೇನೇ?' ಎಂದು ಕೇಳಿದ ದಿನ ಅವಳ ಕೆಲಸ ಮುಗಿಯಿತು. ಅವಳು ಸೊಂಟದ ಬಟ್ಟೆ ಬಿಚ್ಚಿ, ಯಾರನ್ನು ಕೇಳಿದಳೋ ಅವಳಿಗೇ ಕಟ್ಟಿ, ಕುರ್ಚಿಯಲ್ಲಿ ಕೂರಬೇಕು. ಪೆತ್ರೊನೀಲಾ ಹಾಗೆಯೇ ಒಂದು ಬೆಳಿಗ್ಗೆ ಸೊಸೆಯನ್ನು ಕೇಳಿದ್ದಳು. ಅವಳೇ ನಡುಗುವ ಕೈಯಲ್ಲಿ ನಿಕಾನೋರಾಳ ಸೊಂಟಕ್ಕೆ ಬಟ್ಟೆ ಕಟ್ಟಿದಳು. ಮಳೆಗಾಲ ಶುರುವಾಗುವ ಮುಂಚೆ ಸತ್ತುಹೋದಳು. ಇದನ್ನು ನಿಕಾನೋರಾ ಮರೆತಿರಲಿಲ್ಲ.

ನಿಕಾನೋರಾಳಿಗೆ ಒಬ್ಬಳೇ ಮಗಳು, ಎರ್ಮೀನಿಯಾ. ಇಪ್ಪತ್ತನಾಲ್ಕು ವರ್ಷ. ಕಳ್ಳಿಹಣ್ಣಿನ ಕೆಲಸ ಅವಳದು. ಬೇಸಿಗೆಯ ಕೊನೆಗೆ ಬರುವ ಹಣ್ಣಿನ ಮುಳ್ಳು ಸುಟ್ಟು, ಸಿಪ್ಪೆ ಸುಲಿದು, ಬೀಜ ಸೋಸಿ, ತಿರುಳನ್ನು ಸಕ್ಕರೆಯಲ್ಲಿ ಕಾಯಿಸಿ ಭರಣಿಗಳಲ್ಲಿ ತುಂಬಿಡುತ್ತಿದ್ದಳು. ವರ್ಷವಿಡೀ ಅದರಿಂದಲೇ ಐಸು. ಬಡಿಸುವ ದಿನ ನಿಂಬೆರಸ, ಕಳ್ಳಿಯ ಮೇಲೆ ಬೆಳೆಯುವ ಕೆಂಪು ಹುಳುವನ್ನು ಒಣಗಿಸಿ ಅರೆದ ಒಂದು ಚಿಟಿಕೆ ಪುಡಿ. ಕೆಲಸ ಅಚ್ಚುಕಟ್ಟು, ಆದರೆ ಅವಳ ಮನಸ್ಸು ಇಲ್ಲಿರಲಿಲ್ಲ. ಸಲೀನಾ ಕ್ರೂಸ್ ಬಂದರಿನಲ್ಲಿ ಕೆಲಸ ಮಾಡುವ ಫಿದೆನ್ಸಿಯೋ ನಾಲ್ಕು ವರ್ಷದಿಂದ ಕಾಯುತ್ತಿದ್ದ. ಅವನ ಕಾಗದ ಬಂದ ದಿನ ಹುಡುಗಿ ಉಪ್ಪಿನ ಚೀಲ ಎತ್ತುವಾಗಲೂ ನಗುತ್ತಿದ್ದಳು. ಈಸ್ಟರ್ ಮುಗಿದ ವಾರಕ್ಕೆ ಅವಳು ಹೊರಡುವುದು ಎಂದು ಗೊತ್ತಾಗಿತ್ತು. ತನ್ನ ಬೆರಳು ಬಿರಿದ ಹಾಗೆ ಮಗಳದ್ದೂ ಬಿರಿಯಲು ಶುರುವಾಗಿದ್ದನ್ನು ನಿಕಾನೋರಾ ನೋಡಿದ್ದಳು. ಇವಳು ಹೋಗಲೇಬೇಕು ಎಂದು ಅವಳು ಮಾತೆಯ ಮುಂದೆ ಮೇಣದಬತ್ತಿ ಹಚ್ಚಿ ಹೇಳಿಕೊಂಡಿದ್ದಳು.

ಇನ್ನು ಪಕ್ಕದ ಅಂಗಡಿ. ಹಲಗೆಯ ಅಡ್ಡಗೋಡೆಯ ಆಚೆ ತ್ರಾನ್ಸಿತೋ, ಎರ್ಮೀನಿಯಾಳಿಗೆ ದೀಕ್ಷಾಸ್ನಾನದ ಧರ್ಮಮಾತೆ, ಅವಳ ಬಾಯಲ್ಲಿ 'ಮಾದ್ರೀನಾ'. ಅವಳೂ ನಿಕಾನೋರಾಳೂ ಒಂದು ಕಾಲದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ಹನ್ನೊಂದು ವರ್ಷದ ಹಿಂದೆ ಅಕಾಲ ಮಳೆ ಬಿದ್ದು ಕಳ್ಳಿಯ ಮೇಲಿನ ಹುಳುವೆಲ್ಲ ತೊಳೆದುಹೋಯಿತು, ಕೆಂಪು ಪುಡಿ ಯಾರ ಹತ್ತಿರವೂ ಇಲ್ಲ. ನಿಕಾನೋರಾಳ ಹತ್ತಿರ ಮಾತ್ರ ಅತ್ತೆ ಕೂಡಿಟ್ಟ ಒಂದು ಭರಣಿ ಇತ್ತು. ತ್ರಾನ್ಸಿತೋ ಒಂದು ಹಿಡಿ ಕೇಳಿದಳು, ಇವಳು ಇಲ್ಲವೆಂದಳು. ತ್ರಾನ್ಸಿತೋ ಅಂಗಡಿಯಿಂದ ಬಣ್ಣದ ಶೀಶೆ ಕೊಂಡು ತಂದಾಗ ಗಿರಾಕಿಗಳ ಮುಂದೆಯೇ 'ಅದು ಹಣ್ಣಲ್ಲ, ಬಟ್ಟೆಗೆ ಹಾಕೋ ಬಣ್ಣ' ಎಂದವಳೂ ಇವಳೇ. ತಪ್ಪು ಯಾರದು ಎಂದು ನನ್ನನ್ನು ಕೇಳಿದರೆ ನಾನು ಮುಚ್ಚಿಡುವುದಿಲ್ಲ, ನಿಕಾನೋರಾಳದ್ದೇ. ಅವಳಿಗೂ ಅದು ಗೊತ್ತಿತ್ತು, ಅದಕ್ಕೇ ಬಾಯಿ ಬಿಡುತ್ತಿರಲಿಲ್ಲ.

ಅಂದಿನಿಂದ ಇಬ್ಬರ ನಡುವೆ ನೇರ ಮಾತಿಲ್ಲ. ಆದರೆ ಬೆಳಿಗ್ಗೆ ಏಳರ ಸುಮಾರಿಗೆ ನಿಕಾನೋರಾಳ ಹಾಲು ಸೀಯುವ ವಾಸನೆ ಹಲಗೆಯ ಆಚೆ ಹೋದದ್ದೇ ತಡ, ತ್ರಾನ್ಸಿತೋ ಆಕಾಶ ನೋಡಿಕೊಂಡು ಇಡೀ ಚೌಕಕ್ಕೆ ಕೇಳುವ ಹಾಗೆ ಕೂಗುತ್ತಿದ್ದಳು: "ಅಯ್ಯಯ್ಯೋ, ಯಾರದೋ ಮನೆಗೆ ಬೆಂಕಿ ಬಿತ್ತಲ್ಲಪ್ಪಾ, ಯಾರಾದ್ರೂ ನೀರು ತನ್ನಿ!" ಹೂ ಮಾರುವವರು ನಗುತ್ತಿದ್ದರು. ಹನ್ನೊಂದು ವರ್ಷ ದಿನವೂ ಅದೇ ಕೂಗು. ನಿಕಾನೋರಾ ಹಲ್ಲು ಕಡಿಯುತ್ತಿದ್ದಳು.

ಡಿಸೆಂಬರಿನಲ್ಲಿ, ಸೋಲೆದಾದ್ ಮಾತೆಯ ಹಬ್ಬದ ಮರುವಾರ, ಅವಳಿಗೆ ಜ್ವರ ಬಂತು. ಹನ್ನೆರಡು ದಿನ ಮಲಗಿದಳು. ಎದ್ದು ಅಂಗಡಿಗೆ ಬಂದ ಮೊದಲ ಬೆಳಿಗ್ಗೆ ತಪ್ಪಲೆಯ ಮುಂದೆ ನಿಂತು ಎಂದಿನಂತೆ ಕಾದಳು. ಏನೂ ಬರಲಿಲ್ಲ. ಇನ್ನೂ ಹೊತ್ತಿದೆ ಎಂದುಕೊಂಡಳು. ಆಚೆಯಿಂದ 'ಯಾರದೋ ಮನೆಗೆ ಬೆಂಕಿ ಬಿತ್ತಲ್ಲಪ್ಪಾ' ಎಂಬ ಕೂಗು ಬಂತು. ತಪ್ಪಲೆಗೆ ಮುಖ ಬಗ್ಗಿಸಿದಳು. ಹಬೆ ಬಿಸಿಯಾಗಿ ಮುಖಕ್ಕೆ ಬಡಿಯಿತು, ವಾಸನೆ ಇಲ್ಲ. ಕೈಗೆ ಸಿಕ್ಕಿದ ಬಟ್ಟೆಯಲ್ಲಿ ತಪ್ಪಲೆ ಇಳಿಸಿದಳು. ಆಮೇಲೆ ದಾಲ್ಚಿನ್ನಿ, ನಿಂಬೆ ಸಿಪ್ಪೆ, ಇದ್ದಿಲು, ತನ್ನದೇ ಕಂಕುಳು, ಎಲ್ಲವನ್ನೂ ಮೂಸಿ ನೋಡಿದಳು. ಅವತ್ತು ಮನೆಗೆ ಹೋಗಿ ನೋಡಿದರೆ ಶಾಲಿನ ತುದಿಯಲ್ಲಿ ಅಂಗೈಯಗಲ ಸುಟ್ಟ ತೂತು. ಅದು ಯಾವಾಗ ಸುಟ್ಟಿತೋ ಅವಳಿಗೆ ತಿಳಿದಿರಲಿಲ್ಲ.

ಮಗಳಿಗೆ ಹೇಳಲಿಲ್ಲ. ಹೇಳುವುದು ಹೇಗೆ? ಹೇಳಿದರೆ ಸೊಂಟದ ಬಟ್ಟೆ ಆ ಹುಡುಗಿಯ ಸೊಂಟಕ್ಕೆ ಹೋಗುತ್ತದೆ, ಅವಳು ಇಲ್ಲೇ ಉಳಿಯುತ್ತಾಳೆ. ನಿಕಾನೋರಾ ಒಂದು ಉಪಾಯ ಕಂಡುಕೊಂಡಳು. ಮರುದಿನದಿಂದ ಅವಳು ಕಾದದ್ದು ವಾಸನೆಗಲ್ಲ, ಶತ್ರುವಿನ ಕೂಗಿಗೆ. ತ್ರಾನ್ಸಿತೋ ಕೂಗಿದ ಕೂಡಲೇ ಮಾತೆಗೆ ಒಂದು ಸಾಲ್ವೆ ಪ್ರಾರ್ಥನೆ, ಅದು ಮುಗಿದ ಕೂಡಲೇ ತಪ್ಪಲೆ ಕೆಳಗೆ. ಹಾಲು ಒಂದು ದಿನವೂ ಕೆಡಲಿಲ್ಲ. ಯಾರ ಬಾಯಿ ಮುಚ್ಚಲಿ ಎಂದು ಹನ್ನೊಂದು ವರ್ಷ ಬೇಡಿಕೊಂಡಿದ್ದಳೋ ಅವಳಿಗೆ ಗಂಟಲುನೋವು ಬಾರದಿರಲಿ ಎಂದು ಈಗ ಬೇಡಿಕೊಳ್ಳಬೇಕಾಯಿತು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ತಪಸ್ಸು ಕಾಲ, ಶುರುವಾಗಿ ಎರಡನೆಯ ವಾರ ಒಂದು ಮಂಗಳವಾರ ಕೂಗು ಬರಲಿಲ್ಲ. ತ್ರಾನ್ಸಿತೋ ಹಲ್ಲು ಕೀಳಿಸಲು ಹೋಗಿದ್ದಳು, ಅದು ಗೊತ್ತಾಗುವ ಹೊತ್ತಿಗೆ ಹಾಲು ಹೋಗಿತ್ತು. ದಿನವೂ ಬರುವ ಮೇಷ್ಟರು ಒಂದು ಚಮಚ ತಿಂದು, ಲೋಟವನ್ನು ಮೆಲ್ಲಗೆ ಕೆಳಗಿಟ್ಟು, ಟೋಪಿ ಮುಟ್ಟಿ ಹೊರಟುಹೋದರು. ಎರ್ಮೀನಿಯಾ ಅದೇ ಲೋಟದಿಂದ ರುಚಿ ನೋಡಿದಳು.

"ಅಮ್ಮ, ನಿನ್ನ ಮೂಗಿಗೆ ಏನಾದ್ರೂ ಆಗಿದ್ರೆ ಈಗಲೇ ಹೇಳು."

"ನನ್ನ ಮೂಗಿಗೇನು ಧಾಡಿ? ಇದ್ದಿಲು ಹಸಿ ಇತ್ತು."

"ಸರಿ, ಇದ್ದಿಲು ಹಸಿ ಇತ್ತು. ಇನ್ನೊಂದು ಸಲ ಹಿಂಗಾದ್ರೆ ಫಿದೆನ್ಸಿಯೋಗೆ ಕಾಗದ ಬರೀತೀನಿ, ನಾನು ಬರಲ್ಲ ಅಂತ. ನಿನ್ನನ್ನ ಹಿಂಗೆ ಬಿಟ್ಟು ಹೋಗಿ ಅಲ್ಲಿ ಸಮುದ್ರ ನೋಡ್ತಾ ಕೂತ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಅವಳು ಹೇಳಿದ್ದನ್ನು ಮಾಡುವ ಹುಡುಗಿ. ಅಂದಿನಿಂದ ನಿಕಾನೋರಾ ಬೆಳಿಗ್ಗೆ ಬಂದ ಕೂಡಲೇ ಮೊದಲು ಹಲಗೆಯ ಸಂದಿಯಿಂದ ಇಣುಕಿ ತ್ರಾನ್ಸಿತೋ ಇದ್ದಾಳೆಯೇ ಎಂದು ನೋಡುತ್ತಿದ್ದಳು, ಆಮೇಲೆ ಒಲೆ ಹಚ್ಚುತ್ತಿದ್ದಳು.

ಹೀಗೆ ತಪಸ್ಸು ಕಾಲದ ನಾಲ್ಕನೆಯ ಶುಕ್ರವಾರ ಬಂತು, ಸಮಾರ್ಯದವಳ ಶುಕ್ರವಾರ. ಬಾವಿಯ ಹತ್ತಿರ ಯೇಸು ಬಾಯಾರಿ ಕೂತಾಗ, ಅವನ ಜನಕ್ಕೂ ತನ್ನ ಜನಕ್ಕೂ ಆಗದಿದ್ದರೂ ನೀರಿಗೆ ಕೊಡ ಇಳಿಸಿದ ಹೆಂಗಸಿನ ದಿನ. ಅವತ್ತು ವಹಾಕಾದಲ್ಲಿ ಪಾನಕ, ಐಸು ಯಾವುದನ್ನೂ ಮಾರುವುದಿಲ್ಲ, ದಾರಿಯಲ್ಲಿ ಹೋಗುವವರಿಗೆಲ್ಲ ಸುಮ್ಮನೆ ಕೊಡುತ್ತಾರೆ. ಕೊಟ್ಟದ್ದನ್ನು ಯಾರೂ ಬೇಡವೆನ್ನುವಂತಿಲ್ಲ, ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಅಂಗಡಿ ಅಂಗಡಿಗೂ ಬೋಗನ್‌ವಿಲ್ಲಾ ಹೂವಿನ ಕಮಾನು. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಚೌಕದ ತುಂಬ ಜನ.

ಅವತ್ತಿನ ಹಾಲು ಎಂದಿನ ಮೂರು ಪಟ್ಟು. ಊರಾಚೆಯ ಹಸು ಸಾಕುವವರು ಹರಕೆಯಿಂದ ಕೊಟ್ಟದ್ದು, ಮತ್ತೆ ತರೋಣವೆಂದರೆ ಸಿಗುವುದಲ್ಲ. ಏಳಕ್ಕೆ ಸೀದರೆ ಮಾತ್ರ ಆರಿಸಿ, ಡಬ್ಬಕ್ಕೆ ಹಾಕಿ, ತಿರುಗಿಸಿ ಮಧ್ಯಾಹ್ನಕ್ಕೆ ಗಟ್ಟಿಯಾಗುತ್ತದೆ. ಎರ್ಮೀನಿಯಾ ಏಣಿ ಹಿಡಿದು ಅಂಗಡಿಯ ಮುಂದೆ ಕಮಾನು ಕಟ್ಟಲು ಹೋದಳು. ನಿಕಾನೋರಾ ಸಂದಿಯಲ್ಲಿ ಇಣುಕಿದಳು. ತ್ರಾನ್ಸಿತೋ ಬಂದಿದ್ದಳು, ಸೋರೆಬುರುಡೆಯ ಬಟ್ಟಲುಗಳನ್ನು ತೊಳೆಯುತ್ತಿದ್ದಳು. ಸದ್ಯ, ಎಂದುಕೊಂಡು ನಿಕಾನೋರಾ ತಪ್ಪಲೆಯನ್ನು ಒಲೆಯ ಮೇಲಿಟ್ಟಳು.

ಹಾಲು ಉಕ್ಕಿ ಬಂತು, ಇದ್ದಿಲು ಸರಿಸಿದಳು, ತಗ್ಗಿತು. ಕೆನೆ ಕಟ್ಟಿತು. ಕೆನೆಯ ಅಂಚು ಸುಕ್ಕಾಯಿತು. ಅವಳು ಕೈಯಲ್ಲಿ ಬಟ್ಟೆ ಹಿಡಿದು, ತುದಿಗಾಲ ಮೇಲೆ, ಹಲಗೆಯ ಕಡೆಗೆ ಕಿವಿ ಇಟ್ಟು ನಿಂತಳು. ಆಚೆ ನೀರು ಸುರಿಯುವ ಸದ್ದು. ಬಟ್ಟಲು ಬಟ್ಟಲಿಗೆ ತಾಗುವ ಸದ್ದು. ಕೂಗಿಲ್ಲ. ಇಗರ್ಜಿಯ ಗಂಟೆ ಏಳು ಹೊಡೆಯಿತು. ಕೂಗಿಲ್ಲ.

ಆಗ ಅವಳಿಗೆ ಹೊಳೆಯಿತು. ಸಮಾರ್ಯದವಳ ಶುಕ್ರವಾರ ಯಾರೂ ಯಾರನ್ನೂ ಹಂಗಿಸುವಂತಿಲ್ಲ. ಜಗಳವಾಡಿದವರು ಬಾಯಿಗೆ ಬೀಗ ಹಾಕಿಕೊಳ್ಳುವ ದಿನ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ, ಹುಟ್ಟಿದಾರಭ್ಯ ಗೊತ್ತು. ಇಷ್ಟು ವರ್ಷವೂ ಈ ಒಂದು ಬೆಳಿಗ್ಗೆ ಆ ಕೂಗಿಲ್ಲವಲ್ಲ ಎಂದು ಸುಖಪಟ್ಟವಳೇ ಅವಳು. ಬೈಗುಳವನ್ನೇ ನೆಚ್ಚಿಕೊಂಡು, ಬೈಯಬಾರದ ದಿನವೊಂದಿದೆ ಎಂಬುದನ್ನು ಮರೆತು ಕೂತಿದ್ದಳು. ತನ್ನ ಮೇಲೆ ತನಗೇ ಸಿಟ್ಟು ಬಂದು ಕಣ್ಣಲ್ಲಿ ನೀರು ಬಂತು.

ತಪ್ಪಲೆಗೆ ಬಗ್ಗಿದಳು. ಹಬೆಯಲ್ಲಿ ಮುಖ ಬೆಂದಿತು, ಮೂಗಿಗೆ ಏನೂ ಇಲ್ಲ. ಕೂಗಿನಿಂದ ಮುಂದೆ ಒಂದು ಸಾಲ್ವೆ ಎಂದು ಗೊತ್ತು, ಆದರೆ ಕೆನೆ ಸುಕ್ಕಾದ ಮೇಲೆ ಕೂಗಿನ ತನಕ ಎಷ್ಟು ಸಾಲ್ವೆ ಎಂದು ಅವಳು ಯಾವತ್ತೂ ಎಣಿಸಿರಲಿಲ್ಲ. ಎಣಿಸುವ ಕಾರಣವೂ ಇರಲಿಲ್ಲ. ಈಗ ಎಣಿಸತೊಡಗಿದಳು, ಎಲ್ಲಿಂದ ಎಣಿಸಬೇಕೆಂದು ತಿಳಿಯದೆ ನಿಲ್ಲಿಸಿದಳು. ಕಿವಿ ಹತ್ತಿರ ತಂದಳು. ತಳದಲ್ಲಿ ಏನೋ ಚಿಟಚಿಟ ಎಂದ ಹಾಗಿತ್ತು, ಆದರೆ ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಹಬ್ಬದ ಪಟಾಕಿ ಹಾರಿಸಿದರು. ಕೆನೆಯ ಅಂಚಿನಲ್ಲಿ ತಿಳಿಕಂದು ಕಂಡಿತು. ಅದು ಬೆಳಕೋ ಬಣ್ಣವೋ ಗೊತ್ತಾಗಲಿಲ್ಲ. ಈಗಲೇ ಇಳಿಸಿಬಿಡಲೇ? ಇಳಿಸಿದ ಮೇಲೆ ಮತ್ತೆ ಏರಿಸುವಂತಿಲ್ಲ, ಕದಡಿ ಹೋಗುತ್ತದೆ. ಇಡೀ ಊರು ಇವಳ ಕೈಯಿಂದ ಆಸ್ಪತ್ರೆ ಹಾಲು ತಿಂದು ಹೋಗುತ್ತದೆ, ಮಗಳು ಕಾಗದ ಬರೆಯುತ್ತಾಳೆ. ಇನ್ನೂ ಕಾಯಲೇ? ಕಹಿಯಾದರೂ ಅದೇ ಕಾಗದ.

ಎರ್ಮೀನಿಯಾ ಇಪ್ಪತ್ತು ಹೆಜ್ಜೆ ದೂರದಲ್ಲಿ ಏಣಿಯ ಮೇಲಿದ್ದಳು, ಬೆನ್ನು ಈ ಕಡೆ. ಕೆಂಪು ಹೂವಿನ ರೆಂಬೆಯೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ದಾರ ಬಿಗಿಯುತ್ತಿದ್ದಳು. 'ಮಗಾ' ಎಂದು ಒಂದು ಮಾತು ಸಾಕು. ಅವಳು ಇಳಿದು ಬರುತ್ತಾಳೆ, ಒಂದು ಸಲ ಉಸಿರೆಳೆಯುತ್ತಾಳೆ, ಹಾಲು ಉಳಿಯುತ್ತದೆ. ಅವಳೂ ಉಳಿಯುತ್ತಾಳೆ. ನಿಕಾನೋರಾಳ ಕೈ ತಾನಾಗಿಯೇ ಸೊಂಟದ ಗಂಟಿಗೆ ಹೋಯಿತು. ಅತ್ತೆಯ ನಡುಗುವ ಬೆರಳು ನೆನಪಾಯಿತು. ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು.

ಹಲಗೆಯ ತುದಿಯಲ್ಲಿ ನೆರಳಾಡಿತು. ತ್ರಾನ್ಸಿತೋ ಬಂದು ನಿಂತಿದ್ದಳು. ಹನ್ನೊಂದು ವರ್ಷದಲ್ಲಿ ಈ ಕಡೆ ಕಾಲಿಡದಿದ್ದವಳು, ಎರಡು ಕೈಯಲ್ಲಿ ತುಂಬಿದ ಸೋರೆಬುರುಡೆ ಹಿಡಿದು, ಓಡಿ ಬಂದ ಹಾಗೆ ಏದುಸಿರು ಬಿಡುತ್ತಿದ್ದಳು.

"ದೇವರ ಹೆಸರಲ್ಲಿ ಕೊಡ್ತಿದೀನಿ, ಕುಡಿ," ಎಂದಳು.

"ಆಮೇಲೆ," ಎಂದಳು ನಿಕಾನೋರಾ.

"ಆಮೇಲೆ ಅಲ್ಲ. ಈಗ. ಎರಡೂ ಕೈಲಿ ತಗೋಬೇಕು, ಗೊತ್ತಿಲ್ವಾ?"

ತ್ರಾನ್ಸಿತೋ ಇವಳ ಮುಖ ನೋಡುತ್ತಿರಲಿಲ್ಲ. ತಪ್ಪಲೆಯನ್ನೇ ನೋಡುತ್ತಿದ್ದಳು, ಮೂಗಿನ ಹೊಳ್ಳೆ ಅಗಲವಾಗಿತ್ತು. ಎರಡೂ ಕೈ ಖಾಲಿಯಾಗಬೇಕಾದರೆ ಮೊದಲು ಏನು ಮಾಡಬೇಕೆಂದು ನಿಕಾನೋರಾಳಿಗೆ ಆಗ ತಿಳಿಯಿತು. ಬಟ್ಟೆ ಸುತ್ತಿ ತಪ್ಪಲೆಯ ಕಿವಿ ಹಿಡಿದು, ಉಸಿರು ಬಿಗಿಹಿಡಿದು ಒಲೆಯಿಂದ ಇಳಿಸಿ ಕಲ್ಲಿನ ಮೇಲಿಟ್ಟಳು. ಆಮೇಲೆ ಬಟ್ಟಲು ತೆಗೆದುಕೊಂಡಳು. ಪಾನಕ ಮೊಣಕೈವರೆಗೆ ಚೆಲ್ಲಿತು. ಕುಡಿದಳು. ತಂಪು, ಸಿಹಿ, ಅಷ್ಟೇ.

"ಏನು ಹಾಕಿದೀನಿ ಹೇಳು ನೋಡೋಣ," ಎಂದಳು ತ್ರಾನ್ಸಿತೋ.

"ದಾಲ್ಚಿನ್ನಿ."

"ದಾಲ್ಚಿನ್ನಿ ಹಾಕೇ ಇಲ್ಲ. ಕರಬೂಜ ಅದು, ವಾಸನೆಗೆ ಜೇನುನೊಣ ಹಿಂದೆ ಬರ್ತಾ ಇದೆ ನೋಡು."

ನಿಜವಾಗಿಯೂ ಒಂದು ಜೇನುನೊಣ ಬಟ್ಟಲಿನ ಅಂಚಿನಲ್ಲಿ ಕೂತಿತ್ತು. ನಿಕಾನೋರಾ ತಲೆ ತಗ್ಗಿಸಿದಳು. ಅವಳಿಗೆ ಅಳು ಬಂದದ್ದು ನಾಚಿಕೆಗೋ ನೆಮ್ಮದಿಗೋ ಎಂದು ಕೇಳಿದರೆ ಅವಳೇ ಹೇಳಲಾರಳು.

"ಯಾವಾಗಿಂದ ಗೊತ್ತು?" ಎಂದು ಕೇಳಿದಳು.

"ಮೂರು ರಾಜರ ಹಬ್ಬದ ಹಿಂದಿನ ದಿನ ನೀನು ಜ್ವರದಿಂದ ಎದ್ದು ಬಂದೆಯಲ್ಲ, ಅವತ್ತಿಂದ. ನಿನ್ನ ಶಾಲಿಗೆ ಕಿಡಿ ಹಾರಿ ಸುಡ್ತಾ ಇತ್ತು. ಹೂವಿನವರಿಗೆಲ್ಲ ವಾಸನೆ ಬಂತು, ನಿನಗೊಬ್ಬಳಿಗೆ ಬರಲಿಲ್ಲ. ನಾನೇ ಸಂದೀಲಿ ನೀರು ಚಿಮುಕಿಸಿದ್ದು. ಅದೂ ನಿನಗೆ ಗೊತ್ತಾಗಲಿಲ್ಲ." ತ್ರಾನ್ಸಿತೋ ದನಿ ತಗ್ಗಿಸಿದಳು. "ಅದಕ್ಕೆ ಮುಂಚೆ ಬಾಯಿಗೆ ಬಂದಾಗ ಕೂಗ್ತಿದ್ದೆ. ಆಮೇಲಿಂದ ಲೆಕ್ಕ ಇಟ್ಟು ಕೂಗ್ತಿದೀನಿ. ನೀನು ಒಂದು ಸಾಲ್ವೆ ಹೇಳ್ತೀಯ, ತುಟಿ ಅಲ್ಲಾಡೋದು ಕಾಣುತ್ತೆ. ಅದಕ್ಕೇ ಒಂದು ಸಾಲ್ವೆ ಮುಂಚೆ ಕೂಗ್ತೀನಿ. ನೀನು ಸಾಲ್ವೆ ಎಷ್ಟು ನಿಧಾನ ಹೇಳ್ತೀಯ ಕಣೇ ಕೊಮಾದ್ರೆ, ಸತ್ತವರೂ ಎದ್ದು ಆಕಳಿಸ್ತಾರೆ."

ಕೊಮಾದ್ರೆ. ಮಗುವಿನ ತಾಯಿ ಮತ್ತು ಧರ್ಮಮಾತೆ ಒಬ್ಬರನ್ನೊಬ್ಬರು ಕರೆಯುವ ಮಾತು. ಇದನ್ನು ಅವಳ ಬಾಯಿಂದ ಕೇಳಿ ಹನ್ನೊಂದು ವರ್ಷವಾಗಿತ್ತು.

"ಯಾಕೆ ಮಾಡಿದೆ? ನಾನು ನಿನಗೆ ಒಂದು ಹಿಡಿ ಪುಡಿ ಕೊಡಲಿಲ್ಲ."

"ನಿನಗೋಸ್ಕರ ಅಲ್ಲ, ಹಿಗ್ಗಬೇಡ. ದೀಕ್ಷಾಸ್ನಾನದ ದಿನ ಆ ಕೂಸನ್ನ ಎತ್ತಿಕೊಂಡೋಳು ನಾನು. ಅವಳು ಸಮುದ್ರದ ಊರಿಗೆ ಹೋಗಬೇಕು." ಖಾಲಿ ಬಟ್ಟಲು ಕಿತ್ತುಕೊಂಡು ತ್ರಾನ್ಸಿತೋ ಹೊರಟಳು. ಹಲಗೆಯ ಹತ್ತಿರ ತಿರುಗಿದಳು. "ಸೋಸು, ಸೋಸು. ಪಾತ್ರೆ ಬಿಸೀಲೇ ಇಟ್ರೆ ಇನ್ನೂ ಸೀಯುತ್ತೆ. ಮೂಗು ಹೋದ್ರೆ ಬುದ್ಧೀನೂ ಹೋಗುತ್ತಾ?"

ಮಧ್ಯಾಹ್ನದ ಗಂಟೆ ಹೊಡೆದಾಗ ಡಬ್ಬಗಳು ಗಟ್ಟಿಯಾಗಿದ್ದವು. ನಿಕಾನೋರಾ ಮೊದಲ ಲೋಟವನ್ನು ಮಗಳಿಗೆ ಕೊಡಲಿಲ್ಲ, ಧೈರ್ಯವಾಗಲಿಲ್ಲ. ಸಾಲಿನಲ್ಲಿ ಮುಂದೆ ನಿಂತಿದ್ದ ಮೇಷ್ಟರಿಗೆ ಕೊಟ್ಟಳು. ಅವರು ಕೆಳಗಿನ ಹಾಲು, ಮೇಲಿನ ಕೆಂಪು ಎರಡನ್ನೂ ಸೇರಿಸಿ ಚಮಚ ತುಂಬಿದರು. ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಅವರು ಲೋಟ ಕೆಳಗಿಡಲಿಲ್ಲ. ತಳ ಕೆರೆದು ತಿಂದು, ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತರು. ಎರ್ಮೀನಿಯಾ ಸೌಟಿನ ತುದಿಯಿಂದ ಒಂದಿಷ್ಟು ತೆಗೆದು ನೆಕ್ಕಿದಳು. ತಾಯಿಯ ಮುಖ ನೋಡಿದಳು, ಹಲಗೆಯ ಕಡೆ ನೋಡಿದಳು, ಸರಿಯಾಗಿದೆ ಎಂದು ಹೇಳಿ ಮುಂದಿನ ಲೋಟ ತುಂಬಿದಳು.

ಶನಿವಾರ ಬೆಳಿಗ್ಗೆ ತ್ರಾನ್ಸಿತೋ ಅಂಗಡಿಗೆ ಬಂದಾಗ ಅಡ್ಡಗೋಡೆಯ ಮೇಲೆ ಬಟ್ಟೆ ಕಟ್ಟಿದ ಭರಣಿ ಇತ್ತು, ಕಂಠದವರೆಗೂ ಕೆಂಪು ಪುಡಿ. ಅವಳು ಅದನ್ನು ತೆಗೆದಿಟ್ಟುಕೊಂಡಳು, ಯಾರು ಇಟ್ಟದ್ದು ಎಂದು ಕೇಳಲಿಲ್ಲ. ಏಳಕ್ಕೆ ಆಕಾಶ ನೋಡಿಕೊಂಡು, ಯಾರದೋ ಮನೆಗೆ ಬೆಂಕಿ ಬಿತ್ತು, ಯಾರಾದರೂ ನೀರು ತನ್ನಿ ಎಂದು ಕೂಗಿದಳು. ಹೂವಿನವರು ನಕ್ಕರು. ನಿಕಾನೋರಾ ಸಾಲ್ವೆಯನ್ನು ಸ್ವಲ್ಪ ಬೇಗ ಬೇಗ ಹೇಳಿದಳು.

ಈಸ್ಟರ್ ಕಳೆದ ಬುಧವಾರ ಎರ್ಮೀನಿಯಾ ಹೊರಟಳು. ಬಸ್ಸಿನ ಹತ್ತಿರ ಮೂವರೂ ಹೋಗಿದ್ದರು. ಟ್ರಂಕನ್ನು ಮೇಲೆ ಹಾಕಿದರು, ಡ್ರೈವರು ಎರಡು ಸಲ ಹಾರನ್ ಹೊಡೆದ. ಹುಡುಗಿ ತಾಯಿಯನ್ನು ತಬ್ಬಿಕೊಂಡು ಅತ್ತಳು, ತಾಯಿಯೂ ಅತ್ತಳು. ಆಮೇಲೆ ಅವಳು ಧರ್ಮಮಾತೆಯನ್ನು ತಬ್ಬಿಕೊಂಡು ಕಿವಿಯ ಹತ್ತಿರ ಬಾಯಿ ಇಟ್ಟಳು. ಮೆಲ್ಲಗೇ ಹೇಳಿದಳು, ಆದರೆ ನಿಕಾನೋರಾಳ ಮೂಗು ಹೋಗಿತ್ತೇ ಹೊರತು ಕಿವಿ ಚೆನ್ನಾಗಿತ್ತು.

"ಮಾದ್ರೀನಾ, ಏಳು ಗಂಟೆಗೆ. ಮಳೆ ಬಂದ್ರೂ, ಹಲ್ಲು ನೋವಾದ್ರೂ."

"ಕೂಗ್ತೀನಿ ಹೋಗೇ. ಸಮಾರ್ಯದವಳ ಶುಕ್ರವಾರ ಒಂದು ಬಿಟ್ಟು."

"ಅವತ್ತು ನಾನು ಬರ್ತೀನಿ," ಎಂದಳು ಎರ್ಮೀನಿಯಾ.

ಬಸ್ಸು ಹೊರಟಿತು. ಕಪ್ಪು ಹೊಗೆಗೆ ಅಲ್ಲಿದ್ದವರೆಲ್ಲ ಮೂಗಿಗೆ ಬಟ್ಟೆ ಹಿಡಿದರು. ನಿಕಾನೋರಾ ಹಿಡಿಯಲಿಲ್ಲ. ಕಿಟಕಿಯಿಂದ ಮಗಳು ಅದನ್ನೇ ನೋಡುತ್ತಿದ್ದಾಳೆ ಎಂದು ಅವಳಿಗೆ ಗೊತ್ತಿತ್ತು. ಈಗ ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಆ ಹೊಗೆಯ ನಡುವೆಯೇ ನಿಂತು ಕೈ ಬೀಸಿದಳು.